ಎಡಗೈಯ ಕ್ಲಚ್ಚು

ಸೋಮವಾರ ಹಸನಬ್ಬನ ಟೆಂಪೊ ಬರುತ್ತದೆ.
ಮೂರು ಟಿಲ್ಲರು, ಕಿಲೋ ಲೆಕ್ಕ.
"ಒಂದು ಬೇಕಾದರೆ ಇಟ್ಟುಕೊಳ್ಳಿ ಪೊರ್ಬುಗಳೇ,
ನಿಮಗೆ ಕಂಡದ್ದು," ಎಂದ ಫೋನಿನಲ್ಲಿ,
ಬುಟ್ಟಿಯಿಂದ ಮೀನು ಆರಿಸಲು ಹೇಳುವವನ ಹಾಗೆ.

ಉದ್ಯಾವರದ ಈ ಶೆಡ್ಡಿನಲ್ಲಿ ಇನ್ನು ಮೇಲೆ
ಅಳಿಯ ಸ್ಕೂಟರು ತೊಳೆಯುತ್ತಾನಂತೆ.
ತೊಳೆಯಲಿ. ನಲವತ್ತು ವರ್ಷದ ಎಣ್ಣೆ ಹೋದರೆ
ನನಗೂ ನೋಡಬೇಕು
ಈ ನೆಲದ ಬಣ್ಣ ಯಾವುದಿತ್ತೆಂದು.

ಬಾಗಿಲ ಹತ್ತಿರದ್ದು ಕೆಂಪು.
ಕುರ್ಕಾಲಿನ ಅಂಗಾರ ಪೂಜಾರಿಯದು.
ಜಪಾನಿನ ಹೆಸರು ಹೊತ್ತ ಎಂಜಿನು,
ಇವತ್ತಿಗೂ ಅರ್ಧ ಸುತ್ತು ತಿರುಗಿಸಿದರೆ ಸಾಕು,
ಒಮ್ಮೆ ಕೆಮ್ಮಿ, ಒಂದು ಉಂಗುರ ಹೊಗೆ ಬಿಟ್ಟು,
ಡುಕು ಡುಕು ಡುಕು
ಹೇಳಿದ ಕೆಲಸಕ್ಕೆ ಎದ್ದು ನಿಲ್ಲುತ್ತದೆ.
ಬುದ್ಧಿ ಇದ್ದವನು ಇದನ್ನೇ ಆರಿಸುತ್ತಾನೆ.
ಮದುವೆ ದಲ್ಲಾಳಿಯೂ ಇದನ್ನೇ ಮೊದಲು ತೋರಿಸುತ್ತಾನೆ.

ನಡುವಿನದು ಸೊಸೈಟಿಯದು.
ಗಂಟೆಗೆ ಇಷ್ಟು ಎಂದು ಬಾಡಿಗೆಗೆ ಹೋಗಿ ಹೋಗಿ
ಎಲ್ಲರ ಕೆಸರೂ ಕಂಡದ್ದು,
ಯಾರ ಅಂಗಳದಲ್ಲೂ ಒಂದು ರಾತ್ರಿ ಮಲಗದ್ದು.
ಇದರ ಬೆಲ್ಟು ಪಿತ್ರೋಡಿಯ ಹಿಟ್ಟಿನ ಮಿಲ್ಲಿನದು,
ಗೇರಿನ ಡಬ್ಬಿ ಸತ್ತ ಇನ್ನೊಂದರದು,
ಡೀಸೆಲ್ ಟ್ಯಾಂಕಿನ ಮುಚ್ಚಳ ಹಾರ್ಲಿಕ್ಸ್ ಬಾಟಲಿಯದು.
ಇದರ ಮೇಲೂ ನನಗೆ ಸ್ವಲ್ಪ ಮಮತೆ,
ತಾನೇ ತೇಪೆ ಹಾಕಿದ ಅಂಗಿಯ ಮೇಲೆ ಇರುವಷ್ಟು.

ಮೂಲೆಯಲ್ಲಿ, ಗೋಣಿ ಹೊದ್ದು, ಮೂರನೆಯದು.
ನೀಲಿ. ಕಂಪನಿಯ ನೀಲಿಯಲ್ಲ,
ಮಲ್ಪೆಯಲ್ಲಿ ತಮ್ಮನ ಬೋಟಿಗೆ ಬಳಿದು ಉಳಿದ ನೀಲಿ.
ಕೊರಪೊಳು ತಾನೇ ಬಳಿದದ್ದು,
ಬ್ರಶ್ಶಿಲ್ಲದೆ, ತೆಂಗಿನ ಸಿಪ್ಪೆ ಜಜ್ಜಿ.
ಇವತ್ತೂ ಬೆರಳಿಟ್ಟರೆ ನಾರಿನ ಗೆರೆ ಸಿಗುತ್ತದೆ.

ಹೊಳೆಬದಿಯಲ್ಲಿ ಎರಡು ಮುಡಿ ಗದ್ದೆ ಅವಳಿಗೆ.
ಅಮಾವಾಸ್ಯೆಗೆ ಕಟ್ಟ ಒಡೆದರೆ ಉಪ್ಪುನೀರು.
ಹೆಂಗಸು ಟಿಲ್ಲರು ಬಿಡುವುದೇ ಎಂದು
ಸಂಕದ ಮೇಲೆ ಸೈಕಲ್ಲು ನಿಲ್ಲಿಸಿ ನೋಡಿದವರುಂಟು.
ಅವಳು ಅತ್ತ ನೋಡಲಿಲ್ಲ. ಸೀರೆ ಎತ್ತಿ ಕಟ್ಟಿ
ಕಬ್ಬಿಣದ ಚಕ್ರದ ಹಿಂದೆ ಮೊಣಕಾಲ ಕೆಸರಲ್ಲಿ
ಕೊಕ್ಕರೆಗಳನ್ನು ಬೆನ್ನಿಗೆ ಕರೆದುಕೊಂಡು ನಡೆದಳು.

ತೊಂಬತ್ತೆರಡರ ಏಣೆಲಿಗೆ ಮೊದಲು
"ದಮ್ಮು ಸಾಲುವುದಿಲ್ಲ, ನೋಡಿ ಮಾರಾಯ್ರೆ" ಎಂದು ತಂದಳು.
ನೋಡಿದೆ.
ಪಂಪಿನ ಅಡಿಯಿಂದ ಒಂದು ಶಿಮ್ಮು ತೆಗೆದೆ,
ಕಾಗದದಷ್ಟು ತೆಳ್ಳಗಿನ ತಗಡು.
ಅದನ್ನು ತೆಗೆದರೆ ಎಂಜಿನು ಕೂದಲೆಳೆಯಷ್ಟು ಬೇಗ ಸಿಡಿಯುತ್ತದೆ.
ದಮ್ಮು ಬರುತ್ತದೆ. ಬಂತು.
ಮರುದಿನ ಬೆಳಿಗ್ಗೆ ಹ್ಯಾಂಡಲು ಹಿಂದಕ್ಕೆ ಹೊಡೆದು
ಅವಳ ಬಲಗೈಯ ಮಣಿಗಂಟು ಎರಡಾಯಿತು.

ನಾನು ಹಿಡಿದದ್ದೇ ಸರಿ ಇರಲಿಲ್ಲ, ಎಂದಳು.
ನಾನು ಹೂಂ ಎಂದೆ.
ಆಮೇಲೆ ಗ್ರೀಸು ಹಾಕುವ ನೆವದಲ್ಲಿ ಹೋಗಿ
ಶಿಮ್ಮನ್ನು ಮೊದಲಿನಲ್ಲೇ ಇಟ್ಟು ಬಂದೆ.
ಹಣ ಕೇಳಲಿಲ್ಲ.
ಅವಳು ಕೊಟ್ಟಳು. ತೆಗೆದುಕೊಂಡೆ.

ಮತ್ತೆ ಇಪ್ಪತ್ತು ವರ್ಷ
ಬಲಗೈಗೆ ಕ್ಲಚ್ಚು ಒತ್ತುವ ತಾಕತ್ತಿಲ್ಲದೆ
ಎಡಕ್ಕೇ ತಿರುಗಿಸಿ ತಿರುಗಿಸಿ ಉತ್ತಳು.
ಗದ್ದೆಗೆ ಅಪ್ರದಕ್ಷಿಣೆಯಾ ಎಂದು ಭಟ್ಟರು ನಕ್ಕರಂತೆ.
ಬತ್ತ ಏನೂ ಹೇಳದೆ ಬೆಳೆಯಿತು.

ಈಗ ಗೋಣಿ ಸರಿಸಿ ಕೂತಿದ್ದೇನೆ.
ಬಲಗಡೆಯ ಹಿಡಿ ಹೊಸದರ ಹಾಗೆ,
ರಬ್ಬರಿನ ಹಲ್ಲೆಲ್ಲ ಹಾಗೇ ಉಂಟು.
ಎಡಗಡೆಯದು ಸವೆದು, ನುಣ್ಣಗೆ,
ನಾಲ್ಕು ಬೆರಳಿಗೆ ನಾಲ್ಕು ತಗ್ಗು.
ನನ್ನ ಬೆರಳು ದಪ್ಪ. ಅದರಲ್ಲಿ ಕೂರುವುದಿಲ್ಲ.

ಎಂಜಿನು ಜಾಮಾಗಿ ಆರು ವರ್ಷ.
ಅಡಿಭಾಗವನ್ನು ಉಪ್ಪು ತಿಂದಿದೆ.
ಗದ್ದೆ ಈಗ ಸಿಗಡಿಯ ಕೆರೆ.
ಕೊರಪೊಳು ಬೆಳಪುವಿನಲ್ಲಿ, ಮಗಳ ಮನೆಯಲ್ಲಿ.
ಹೋದರೆ ಎಡಗೈಯಲ್ಲೇ ಚಾ ಕೊಡುತ್ತಾಳೆ,
"ಎಡಗೈ ಎಂದು ಬೇಜಾರು ಮಾಡಬೇಡಿ" ಎನ್ನುತ್ತಾಳೆ
ಪ್ರತಿ ಸಲ.
ಪ್ರತಿ ಸಲ ಚಾ ಬಿಸಿ ಎಂದು ಊದುತ್ತಾ ಕೂರುತ್ತೇನೆ.

ಹಸನಬ್ಬನಿಗೆ ಫೋನು ಮಾಡಿ ನೀಲಿ ಎಂದೆ.
"ಕೆಂಪು ಬಿಟ್ಟು ಅದಾ? ಎಂತ ಉಂಟು ಅದರಲ್ಲಿ?"

ಎಡಕ್ಕೆ ಚಂದ ತಿರುಗುತ್ತದೆ, ಎಂದೆ.